ಇನ್ನೊಂದು ಸಲ ಇದ್ಯಾ?

2024ರ ಸೆಪ್ಟೆಂಬರ್, ಚೌತಿ ಕಳೆದ ಮರುವಾರ. ಸಾಗರ ತಾಲ್ಲೂಕಿನ ವರದಹಳ್ಳಿಯಲ್ಲಿರುವ ಗೆಳೆಯನ ಮನೆಗೆ ನಾವು ನಾಲ್ಕು ಜನ ಹೋಗಿದ್ವಿ. ಶ್ರೀಧರಾಶ್ರಮ, ಇಕ್ಕೇರಿ, ಆಮೇಲೆ ಜೋಗ ಅಂತ ಪ್ಲ್ಯಾನ್ ಇತ್ತು. ಮಳೆ ಬಿಡಲಿಲ್ಲ. ಆಶ್ರಮಕ್ಕೆ ಹೋಗಿ ಬಂದದ್ದಷ್ಟೇ ಲಾಭ. ಉಳಿದದ್ದೆಲ್ಲ ಜಗಲಿ, ಹಲಸಿನ ಹಪ್ಪಳ ಮತ್ತು ಕರೆಂಟಿಲ್ಲದ ಸಂಜೆ.

ನಮ್ಮಲ್ಲೊಬ್ಬನಿಗೆ ಫಿಗರ್ ಸ್ಕೇಟಿಂಗ್ ಹುಚ್ಚು. ಆ ವಾರ ಬ್ಯಾಂಕಾಕಿನಲ್ಲಿ ಜೂನಿಯರ್ ಗ್ರ್ಯಾಂಡ್ ಪ್ರಿ ನಡೀತಿತ್ತು. ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಇದನ್ನು ಯೂಟ್ಯೂಬಲ್ಲಿ ಬಿಟ್ಟಿಯಾಗಿ ತೋರಿಸುತ್ತೆ. ಜಗಲಿಯ ಒಂದೇ ಮೂಲೆಯಲ್ಲಿ ಸಿಗ್ನಲ್ ಸಿಗ್ತಿತ್ತು. ಹಾಗಾಗಿ ನಾವು ನಾಲ್ವರು, ಗೆಳೆಯನ ಅಜ್ಜಿ, ಒಂಬತ್ತನೇ ಕ್ಲಾಸಿನ ಅವನ ತಂಗಿ, ಎಲ್ಲರೂ ಒಂದು ಫೋನಿನ ಸುತ್ತ ಕೂತ್ವಿ. ಹುಡುಗಿಯೊಬ್ಬಳು ಐಸ್ ಮೇಲೆ ಗಿರಗಿರ ತಿರುಗಿದಾಗ ಅಜ್ಜಿ, "ಯಕ್ಷಗಾನದಲ್ಲಿ ಮಂಡಿ ಹಾಕಿದ ಹಾಗೇ ಇದ್ಯಲ್ಲೋ, ಇವಳು ನಿಂತ್ಕಂಡು ಹಾಕ್ತಾಳೆ ಅಷ್ಟೆ" ಅಂದ್ರು. ಅಷ್ಟರಲ್ಲಿ ಆ ಹುಡುಗಿ ಮೇಲೆ ಹಾರಿ ದಡಾರಂತ ಬಿದ್ದಳು. ಕೂಡಲೇ ಎದ್ದು, ಹಾಡು ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಸಿದಳು.

ಅದುವರೆಗೆ ಸುಮ್ಮನಿದ್ದ ತಂಗಿ ಆಗ ಕೇಳಿದಳು: "ಅವಳಿಗೆ ಇನ್ನೊಂದು ಸಲ ಇದ್ಯಾ?"

ಅವಳು ಹಾಗೆ ಕೇಳಿದ್ದಕ್ಕೆ ಕಾರಣ ಇತ್ತು. ಹದಿನೈದು ದಿನದ ಹಿಂದಷ್ಟೇ ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಎತ್ತರ ಜಿಗಿತಕ್ಕೆ ಹೋಗಿದ್ದಳು. ಹೋಬಳಿಯಲ್ಲಿ ಮೊದಲು, ತಾಲ್ಲೂಕಲ್ಲೂ ಮೊದಲು. ಜಿಲ್ಲೆಯ ದಿನ ಬೆಳಗಿನ ಜಾವದ ಬಸ್ಸು, ಒದ್ದೆ ಮೈದಾನ, ಓಡಿ ಬರುವ ಜಾಗದಲ್ಲಿ ಕೆಸರು. ಮೊದಲ ಎತ್ತರದಲ್ಲೇ ಮೂರು ಸಲ ಕೋಲು ಬಿತ್ತು. ಹತ್ತು ನಿಮಿಷದಲ್ಲಿ ಇಡೀ ವರ್ಷ ಮುಗೀತು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಮನೆಯಲ್ಲಿ "ಇನ್ನು ಓದು ನೋಡ್ಕೊ" ಅಂದಾಗಿತ್ತು. ಅವಳು ಆಟ ಬಿಟ್ಟದ್ದು ಸೋತಿದ್ದಕ್ಕಲ್ಲ. ಸೋತ ಮೇಲೆ ಹೋಗೋಕೆ ಬೇರೆ ಕೂಟವೇ ಇರಲಿಲ್ಲ.

ಅವಳ ಪ್ರಶ್ನೆಗೆ ಉತ್ತರ: ಹೌದು, ಇದೆ. ಜೂನಿಯರ್ ಗ್ರ್ಯಾಂಡ್ ಪ್ರಿ ನಿಂತಿರೋದೇ ಆ 'ಇನ್ನೊಂದು ಸಲ'ದ ಮೇಲೆ. 1997ರಲ್ಲಿ ಜೂನಿಯರ್ ಸೀರೀಸ್ ಅಂತ ಶುರುವಾಯ್ತು, ಮರುವರ್ಷ ಈಗಿನ ಹೆಸರು ಬಂತು. 13 ತುಂಬಿದ, 19 ತುಂಬದ ಮಕ್ಕಳಿಗೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಬೇರೆ ಬೇರೆ ದೇಶಗಳಲ್ಲಿ ಸಾಮಾನ್ಯವಾಗಿ ಏಳು ಸ್ಪರ್ಧೆ. ಒಬ್ಬರಿಗೆ ಹೆಚ್ಚೆಂದರೆ ಎರಡರಲ್ಲಿ ಅವಕಾಶ. ಮೊದಲ ಸ್ಥಾನಕ್ಕೆ 15 ಪಾಯಿಂಟು, ಎರಡನೆಯದಕ್ಕೆ 13, ಮೂರಕ್ಕೆ 11, ಹೀಗೆ ಇಳೀತಾ ಹತ್ತನೇ ಸ್ಥಾನಕ್ಕೂ 1. ಎರಡೂ ಕಡೆಯದ್ದು ಕೂಡಿಸಿ, ಮೇಲಿನ ಆರು ಜನ ಡಿಸೆಂಬರಿನ ಫೈನಲ್‌ಗೆ. ಅಂದರೆ ಒಂದು ಊರಲ್ಲಿ ಕೆಟ್ಟ ದಿನ ಬಂದರೆ ಇನ್ನೊಂದು ಊರಲ್ಲಿ ಸರಿ ಮಾಡ್ಕೊಳ್ಳೋ ದಾರಿ ತೆರೆದೇ ಇರುತ್ತೆ.

ಒಂದೇ ಸ್ಪರ್ಧೆಯ ಒಳಗೂ ಇದೇ ಲೆಕ್ಕ. ಮೊದಲು ಶಾರ್ಟ್ ಪ್ರೋಗ್ರಾಂ, ಮರುದಿನವೋ ಅದರ ಮರುದಿನವೋ ಫ್ರೀ ಸ್ಕೇಟಿಂಗ್, ಎರಡೂ ಕೂಡಿ ಫಲಿತಾಂಶ. ಇನ್ನು ಬೀಳೋ ವಿಷಯ. ಟ್ರಿಪಲ್ ಲಟ್ಜ್ ಅನ್ನೋ ಜಿಗಿತದ ಮೂಲ ಬೆಲೆ 5.90. ಗಾಳಿಯಲ್ಲಿ ಮೂರು ಸುತ್ತು ಪೂರ್ತಿ ಮಾಡಿ ಇಳಿಯುವಾಗ ಬಿದ್ದರೆ ಗುಣಮಟ್ಟದ ಅಂಕ ಮೈನಸ್ ಐದಕ್ಕೆ ಹೋಗುತ್ತೆ, ಅಂದರೆ ಬೆಲೆ ಅರ್ಧಕ್ಕೆ ಇಳಿಯುತ್ತೆ. ಬಿದ್ದದ್ದಕ್ಕೆ ಮತ್ತೊಂದು ಅಂಕ ಕಡಿತ. ಕೊನೆಗೆ ಉಳಿಯೋದು 1.95. ಸೊನ್ನೆ ಅಲ್ಲ, ನೋಡಿ. 'ನೀನು ಬಿದ್ದೆ ನಿಜ, ಆದರೆ ಮೂರು ಸುತ್ತು ತಿರುಗಿದ್ದೂ ನಿಜ' ಅಂತ ಎರಡನ್ನೂ ಒಪ್ಪುವ ಲೆಕ್ಕ ಇದು. ಸ್ಟೆಪ್ಸ್‌ಗೆ ಮಾರ್ಕ್ಸ್ ಕೊಡುವ ಮೇಷ್ಟ್ರ ಬೆಲೆ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಮೆಟ್ಟಿಲಿಂದ ಯಾರು ಹತ್ತಿ ಹೋದರು? 2004ರ ಜೂನಿಯರ್ ಗ್ರ್ಯಾಂಡ್ ಪ್ರಿ ಫೈನಲ್‌ನಲ್ಲಿ ಜಪಾನಿನ ಮಾವೊ ಅಸಾದಾ ಮೊದಲು, ದಕ್ಷಿಣ ಕೊರಿಯಾದ ಕಿಮ್ ಯುನಾ ಎರಡನೆಯವಳು. ಮರುವರ್ಷದ ಫೈನಲ್ ಗೆದ್ದದ್ದು ಕಿಮ್. ಫಿಗರ್ ಸ್ಕೇಟಿಂಗ್‌ನಲ್ಲಿ ಆವರೆಗೆ ಕೊರಿಯಾಕ್ಕೆ ದೊಡ್ಡ ಹೆಸರೇನೂ ಇರಲಿಲ್ಲ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಕಿಮ್‌ಗೆ, ಬೆಳ್ಳಿ ಅಸಾದಾಗೆ. ಹದಿಹರೆಯದಲ್ಲಿ ಒಬ್ಬರನ್ನೊಬ್ಬರು ಸೋಲಿಸುತ್ತ ಬೆಳೆದವರೇ ಕೊನೆಗೆ ಜಗತ್ತಿನ ಅಂಕಣದಲ್ಲಿ ಎದುರಾದರು.

"ಸರಿ ಮಾರಾಯ, ಅವರಿಗೆ ಐಸ್ ಇದೆ, ನಮಗೆಲ್ಲಿದೆ?" ಅಂತ ನೀವು ಕೇಳಬಹುದು. ಬ್ಯಾಂಕಾಕಿಗೆ ಎಲ್ಲಿದೆ ಚಳಿಗಾಲ? ನಮ್ಮ ಸಾಗರಕ್ಕಿಂತ ಸೆಕೆಯ ಊರು ಅದು. ಆದರೂ 2023, 2024, 2025, ಮೂರು ವರ್ಷವೂ ಅಲ್ಲಿ ಜೂನಿಯರ್ ಗ್ರ್ಯಾಂಡ್ ಪ್ರಿ ನಡೆದಿದೆ. 60 ಮೀಟರ್ ಉದ್ದ, 30 ಮೀಟರ್ ಅಗಲದ ಕಾಂಕ್ರೀಟಿನ ಒಳಗೆ ಪೈಪು ಹಾಸಿ, ಅದರಲ್ಲಿ ತಣ್ಣನೆ ದ್ರವ ಹರಿಸಿ, ಮೇಲೆ ಕೆಲವೇ ಸೆಂಟಿಮೀಟರ್ ಐಸ್ ಕಟ್ಟೋದು. ಅಷ್ಟನ್ನು ನಮ್ಮ ಮೆಕ್ಯಾನಿಕಲ್ ಹುಡುಗರು ಬಿಡಿಸಿ ಹೇಳಬಲ್ಲರು. ಕಷ್ಟ ಇರೋದು ಕಟ್ಟೋದ್ರಲ್ಲಲ್ಲ, ನಡೆಸೋದ್ರಲ್ಲಿ. ಡೆಹ್ರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಒಳಾಂಗಣ ಐಸ್ ಅಂಕಣ ಕಟ್ಟಿದರು. ಕೂಟ ಮುಗೀತು, ಅಂಕಣ ವರ್ಷಗಟ್ಟಲೆ ಬಾಗಿಲು ಹಾಕಿತ್ತು. 2025ರ ಆಗಸ್ಟಿನಲ್ಲಿ ಏಷ್ಯನ್ ಓಪನ್ ಶಾರ್ಟ್ ಟ್ರ್ಯಾಕ್ ಸ್ಪರ್ಧೆ ನಡೆದಾಗ ಅದು ಮತ್ತೆ ಸುದ್ದಿಗೆ ಬಂತು. ನಡುವಿನ ವರ್ಷಗಳಲ್ಲಿ ಐಸ್ ಮುಟ್ಟಬಹುದಾಗಿದ್ದ ಮಕ್ಕಳು ಅಷ್ಟು ಹೊತ್ತಿಗೆ ದೊಡ್ಡವರಾಗಿಬಿಟ್ಟಿದ್ದರು. ಇವತ್ತು ಭಾರತಕ್ಕಾಗಿ ಸ್ಕೇಟ್ ಮಾಡುತ್ತಿರುವ ತಾರಾ ಪ್ರಸಾದ್ ಹುಟ್ಟಿ ಕಲಿತದ್ದು ಅಮೆರಿಕದಲ್ಲಿ. ಒಂದು ದೊಡ್ಡ ದಿನಕ್ಕಾಗಿ ಕಟ್ಟುತ್ತೇವೆ, ನಡುವಿನ ದಿನಗಳಿಗಾಗಿ ಕಟ್ಟುವುದಿಲ್ಲ. ನಮ್ಮ ರೋಗ ಇದು.

ಸಾಗರದಲ್ಲಿ ಐಸ್ ರಿಂಕ್ ಕಟ್ಟಿ ಅಂತ ನಾವು ಹೇಳ್ತಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರದೆ ನಡೆಯೋದು, ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಳ್ಳೋದು, ಮಲೆನಾಡಿನ ಮಕ್ಕಳ ಸ್ಕೇಟಿಂಗ್ ಸದ್ಯಕ್ಕೆ ಅಲ್ಲೇ ಇದೆ. ಹಾಗಂತ ಹಿಮ ಕಾಣದ ಊರಿನವರಿಗೆ ಹಿಮದ ಆಟ ದಕ್ಕೋದೇ ಇಲ್ಲ ಅಂತಲೂ ಇಲ್ಲ. ಕೊಡಗಿನ ತೆಕ್ಕಡ ಭವಾನಿ ಪರ್ವತಾರೋಹಣದ ದಾರಿಯಿಂದ ಸ್ಕೀಯಿಂಗ್‌ಗೆ ಬಂದು, ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. ಅಂಥವರು ಹೊರಬರೋದು ಮೆಟ್ಟಿಲಿನಿಂದಲ್ಲ, ಗೋಡೆ ಹತ್ತಿ. ಗೋಡೆ ಹತ್ತಬಲ್ಲ ಒಬ್ಬರ ಫೋಟೊ ಹಾಕಿ ಖುಷಿಪಡುವ ನಾವು, ಗೋಡೆ ನೋಡಿ ವಾಪಸ್ ಹೋದವರನ್ನು ಎಣಿಸೋದೇ ಇಲ್ಲ.

ನಮ್ಮ ಶಾಲಾ ಕೂಟಗಳನ್ನೇ ನೋಡಿ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಹೆಸರಿಗೆ ಐದು ಮೆಟ್ಟಿಲು. ಆದರೆ ಪ್ರತಿ ಮೆಟ್ಟಿಲಲ್ಲೂ ಒಂದೇ ದಿನ, ಒಂದೇ ಅವಕಾಶ. ಮೇಲಿನ ಒಂದೆರಡು ಸ್ಥಾನದವರನ್ನು ಬಿಟ್ಟರೆ ಉಳಿದವರ ಹೆಸರು ಅಲ್ಲಿಗೇ ಮುಗಿಯುತ್ತೆ. ಇದು ಮೆಟ್ಟಿಲಲ್ಲ, ಜರಡಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರೇ ತಾಲ್ಲೂಕು ಸೇರಿ ಮಳೆ ಬಿಟ್ಟ ಮೇಲೆ ನವೆಂಬರಿನಿಂದ ಜನವರಿವರೆಗೆ ಊರಿಗೊಂದರಂತೆ ಮೂರು ಕೂಟ ನಡೆಸಿ, ಹತ್ತನೆಯವರವರೆಗೂ ಪಾಯಿಂಟು ಕೊಟ್ಟು ಕೂಡಿಸಿದರೆ? ಹೊಸ ಮೈದಾನ ಬೇಡ. ಬೇಕಾದ್ದು ಮೂರು ಭಾನುವಾರ, ಒಂದು ಅಳತೆ ಟೇಪು, ಲೆಕ್ಕ ಬರೆಯೋಕೆ ಒಂದು ಪುಸ್ತಕ. ವರದಹಳ್ಳಿಯ ಆ ಹುಡುಗಿಗೆ ಕೆಸರಿಲ್ಲದ ಇನ್ನೆರಡು ದಿನ ಸಿಗುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮೆಟ್ಟಿಲು ಇದ್ದ ಮಾತ್ರಕ್ಕೆ ಮಕ್ಕಳು ಕ್ಷೇಮ ಅಂತಲ್ಲ. ರಷ್ಯಾದ ಕಮೀಲಾ ವಲಿಯೇವಾ 2019ರ ಜೂನಿಯರ್ ಫೈನಲ್ ಗೆದ್ದವಳು. 15ನೇ ವಯಸ್ಸಿಗೆ ಬೀಜಿಂಗ್ ಒಲಿಂಪಿಕ್ಸ್‌ಗೆ ಬಂದಾಗ ಅವಳ ಮಾದರಿಯಲ್ಲಿ ನಿಷೇಧಿತ ಮದ್ದು ಸಿಕ್ಕಿತ್ತೆಂಬ ಸುದ್ದಿ ಹೊರಬಿತ್ತು. ಇಡೀ ಜಗತ್ತಿನ ಕಣ್ಣೆದುರು ಬಿದ್ದೂ ಬಿದ್ದೂ ನಾಲ್ಕನೇ ಸ್ಥಾನಕ್ಕಿಳಿದಳು. ಕೊನೆಗೆ ನಾಲ್ಕು ವರ್ಷ ನಿಷೇಧವೂ ಆಯ್ತು. ಆ ವಯಸ್ಸಿನ ಮಗುವಿನ ಸುತ್ತ ಇದ್ದ ದೊಡ್ಡವರ ಹೊಣೆ ಏನು ಅನ್ನೋ ಪ್ರಶ್ನೆ ಈಗಲೂ ಹಾಗೇ ಇದೆ. 2022ರ ಜೂನ್‌ನಲ್ಲಿ ಒಕ್ಕೂಟ ಸೀನಿಯರ್ ಸ್ಪರ್ಧೆಯ ಕನಿಷ್ಠ ವಯಸ್ಸನ್ನು 15ರಿಂದ ಹಂತ ಹಂತವಾಗಿ 17ಕ್ಕೆ ಏರಿಸಲು ತೀರ್ಮಾನಿಸಿತು. ಜೂನಿಯರ್ ಅಂದರೆ ಸಣ್ಣ ಸೈಜಿನ ಸೀನಿಯರ್ ಅಲ್ಲ ಅನ್ನೋದನ್ನು ಒಪ್ಪಿಕೊಳ್ಳೋಕೆ ಅವರಿಗೂ ಇಷ್ಟು ಕಾಲ ಬೇಕಾಯ್ತು.

ಊರಿಗೆ ಬುದ್ಧಿ ಹೇಳೋದು ಸುಲಭ, ನಮ್ಮ ಮನೆ ಕಥೆ ಏನು? ನಮ್ಮ ಕನ್ನಡ ಸಂಘದ್ದೇ ತಗೊಳ್ಳಿ. ರಾಜ್ಯೋತ್ಸವದ ಹಾಡು, ನಾಟಕ, ಆಶುಭಾಷಣ ಎಲ್ಲದಕ್ಕೂ ಒಂದೇ ಮಧ್ಯಾಹ್ನದ ಆಡಿಷನ್. ಇಂಟರ್ನಲ್ಸ್ ಮುಗಿಸಿ ಗಂಟಲು ಕಟ್ಟಿಕೊಂಡು ಬಂದ ಫಸ್ಟ್ ಇಯರ್ ಹುಡುಗ ಒಂದು ಚರಣ ಹಾಡಿ, ಶ್ರುತಿ ತಪ್ಪಿ, "ಥ್ಯಾಂಕ್ಸ್, ನೆಕ್ಸ್ಟ್" ಅನ್ನಿಸಿಕೊಂಡು ಹೋಗ್ತಾನೆ. ಆಮೇಲೆ ನಾಲ್ಕು ವರ್ಷ ಸಂಘದ ಕಡೆ ತಲೆ ಹಾಕಲ್ಲ. ಫೈನಲ್ ಇಯರಲ್ಲಿ ಹಾಸ್ಟೆಲ್ ಬಾತ್‌ರೂಮಿನಿಂದ ಅವನ ದನಿ ಕೇಳಿ, "ಇವನು ಎಲ್ಲಿದ್ದ ಇಷ್ಟು ದಿನ?" ಅಂತ ನಾವೇ ಕೇಳ್ತೇವೆ. ಎಲ್ಲೂ ಹೋಗಿರಲಿಲ್ಲ. ಕಳಿಸಿದ್ದೇ ನಾವು.

ಹಾಗಾಗಿ ಸಂಘದ ಮುಂದಿನ ಸಭೆಯಲ್ಲಿ ನಾವು ಒಂದು ಪ್ರಸ್ತಾಪ ಇಡ್ತಿದ್ದೇವೆ. ಫಸ್ಟ್ ಇಯರ್ ಮತ್ತು ಸೆಕೆಂಡ್ ಇಯರ್‌ನವರಿಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮೂರು ಸಣ್ಣ ಸುತ್ತು ನಡೆಯಲಿ. ಯಾವುದಾದರೂ ಎರಡರಲ್ಲಿ ಹಾಡಿದರೆ ಸಾಕು. ಹತ್ತನೇ ಸ್ಥಾನದವರೆಗೂ ಪಾಯಿಂಟು. ಮೇಲಿನ ಆರು ಜನ ರಾಜ್ಯೋತ್ಸವದ ವೇದಿಕೆಗೆ. ಉಳಿದವರಿಗೆ ಎಲ್ಲಿ ತಪ್ಪಿತು, ಎಲ್ಲಿ ಸರಿಯಿತ್ತು ಅಂತ ಎರಡು ಸಾಲು ಬರೆದ ಚೀಟಿ. ಆ ಚೀಟಿ ಬರೆಯುವ ಕೆಲಸ ಸೀನಿಯರ್‌ಗಳದ್ದು, ಅಂದರೆ ನಮ್ಮದೇ. ಹೆಚ್ಚು ಕೆಲಸ ಆಗುತ್ತೆ, ಗೊತ್ತು. "ಇದೆಲ್ಲ ಆಗೋ ಹೋಗೋ ಮಾತಲ್ಲ" ಅನ್ನೋರು ಸಭೆಗೇ ಬಂದು ಜಗಳಾಡಿ, ಕಾಫಿ ನಮ್ಮ ಲೆಕ್ಕ.

ವರದಹಳ್ಳಿಯಿಂದ ವಾಪಸ್ ಹೊರಟ ದಿನವೂ ಮಳೆ. ಬಸ್‌ಸ್ಟಾಪಿನವರೆಗೆ ಕೊಡೆ ಹಿಡಿದು ಬಂದ ತಂಗಿ ಕೇಳಿದ್ದು ಒಂದೇ ಮಾತು: "ಆ ಬಿದ್ದೋಳದ್ದು ಎಷ್ಟನೇದು ಬಂತು ಅಣ್ಣ?" ನಾವು ನೋಡಿಯೇ ಇರಲಿಲ್ಲ. ಅವಳು ಬಿದ್ದ ಮೇಲೆ ನಮ್ಮ ಲೆಕ್ಕದಲ್ಲೂ ಅವಳ ಕಥೆ ಮುಗಿದಿತ್ತು. ನಾಚಿಕೆಯಾಯ್ತು. ಈ ಲೇಖನ ಬರೆಯೋಕೆ ಕೂತದ್ದು ಅದಕ್ಕೇ.