ಮರಕ್ಕೆ ಬಣ್ಣ, ಬಟ್ಟೆಗೆ ಬೆಂಕಿ

ಅಮೆರಿಕದ ಮನೆಗಳಲ್ಲಿ ಓಕ್ ಹಲಗೆಯ ನೆಲ ಸಾಮಾನ್ಯ. ಗೋಡೆಯು ನೆಲವನ್ನು ಸೇರುವ ಕಡೆ ಉದ್ದಕ್ಕೂ ಒಂದು ಮರದ ಪಟ್ಟಿ ಇರುತ್ತದೆ. ಅಲ್ಲಿನವರು ಅದನ್ನು ಬೇಸ್‌ಬೋರ್ಡ್ ಎನ್ನುತ್ತಾರೆ. ನಮ್ಮಲ್ಲಿ ಅದು ಸ್ಕರ್ಟಿಂಗ್. ಖರ್ಚು ಉಳಿಸಲು ಈ ಪಟ್ಟಿಗೆ ಪೈನ್ ಮರ ಬಳಸುವುದುಂಟು. ನೆಲಕ್ಕೆ ಹಚ್ಚಿದ ಸ್ಟೇನನ್ನೇ ಪಟ್ಟಿಗೂ ಹಚ್ಚಿದರೆ ಎರಡೂ ಹೊಂದಿಕೊಳ್ಳಬೇಕಲ್ಲವೇ? ಹಾಗಾಗುವುದಿಲ್ಲ. ಪೈನ್ ಮೇಲೆ ಬಣ್ಣ ಕಲೆಕಲೆಯಾಗಿ ಕಾಣುತ್ತದೆ.

ಹೀಗೇಕೆ? ಪೇಂಟ್ ಮರದ ಮೇಲೆ ಪೊರೆಯಾಗಿ ಕೂರುತ್ತದೆ. ಸ್ಟೇನ್ ಮರದೊಳಕ್ಕೆ ಇಳಿಯುತ್ತದೆ. ಓಕ್ ಮರದಲ್ಲಿ ನೀರು ಸಾಗಿಸುವ ದೊಡ್ಡ ನಾಳಗಳಿವೆ. ಬಣ್ಣ ಅವುಗಳಲ್ಲಿ ತುಂಬಿಕೊಂಡು ಗೆರೆಗಳು ಎದ್ದು ಕಾಣುತ್ತವೆ. ಪೈನ್‌ನಲ್ಲಿ ಅಂಥ ನಾಳಗಳೇ ಇಲ್ಲ. ವಸಂತದಲ್ಲಿ ಬೆಳೆದ ಮೆದುವಾದ ತಿಳಿ ಭಾಗ ಬಣ್ಣವನ್ನು ಹೆಚ್ಚು ಹೀರುತ್ತದೆ. ಆಮೇಲೆ ಬೆಳೆದ ಗಟ್ಟಿ ಭಾಗ ಅಷ್ಟು ಹೀರುವುದಿಲ್ಲ. ಹೀಗಾಗಿ ತಿಳಿಯಾಗಿದ್ದ ಗೆರೆ ಕಪ್ಪಾಗಿ, ಫೋಟೋದ ನೆಗೆಟಿವ್ ನೋಡಿದಂತಾಗುತ್ತದೆ.

ಇದಕ್ಕೆ ಪರಿಹಾರವಿದೆ. ಪಟ್ಟಿಯನ್ನು ಮರದ ಎಳೆಯ ಗುಂಟವೇ ಮರಳು ಕಾಗದದಿಂದ ಉಜ್ಜಿ, ಧೂಳು ಒರೆಸಿ, ಅರಗಿನಿಂದ ತಯಾರಾಗುವ ಶೆಲ್ಲಾಕನ್ನು ಸ್ಪಿರಿಟ್‌ನಲ್ಲಿ ತೆಳುವಾಗಿ ಕಲಸಿ ಮೊದಲು ಹಚ್ಚಬೇಕು. ಅದು ಒಣಗಿದ ಮೇಲೆ ಮರ ಬಣ್ಣವನ್ನು ಹೆಚ್ಚು ಸಮವಾಗಿ ಹೀರುತ್ತದೆ. ಅದೇ ಮರದ ಉಳಿದ ತುಂಡಿನ ಮೇಲೆ ಸ್ಟೇನ್ ಮತ್ತು ವಾರ್ನಿಷ್ ಎರಡನ್ನೂ ಹಚ್ಚಿ, ನೆಲದ ಪಕ್ಕದಲ್ಲಿಟ್ಟು ನೋಡುವುದು ಜಾಣತನ. ವಾರ್ನಿಷ್ ಬಿದ್ದ ಮೇಲೆ ಬಣ್ಣದ ಛಾಯೆ ಬದಲಾಗುತ್ತದೆ.

ಕೆಲಸ ಮುಗಿದ ಮೇಲೆ ಮೂಲೆಯಲ್ಲಿ ಉಳಿಯುವುದು ಹೆಚ್ಚಾದ ಸ್ಟೇನ್ ಒರೆಸಿದ ಬಟ್ಟೆ. ನಿಜವಾದ ಅಪಾಯವಿರುವುದು ಅಲ್ಲಿ. ಎಣ್ಣೆಯಿಂದ ತಯಾರಾದ ಅನೇಕ ಸ್ಟೇನ್‌ಗಳಲ್ಲಿ ಅಗಸೆ ಎಣ್ಣೆ ಅಥವಾ ಅದರಂಥ ಎಣ್ಣೆ ಇರುತ್ತದೆ. ಇದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುತ್ತದೆ. ಆಗ ಶಾಖ ಹೊರಬರುತ್ತದೆ. ಬಟ್ಟೆ ಹರವಿದ್ದರೆ ಶಾಖ ಗಾಳಿಗೆ ಹೋಗುತ್ತದೆ. ಮುದ್ದೆಯಾಗಿ ಬಿದ್ದಿದ್ದರೆ ಒಳಗೇ ಉಳಿದು ಏರುತ್ತಾ, ಕೆಲವೇ ಗಂಟೆಗಳಲ್ಲಿ ಯಾರೂ ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳಬಹುದು.

ಇದು ಬರೀ ಪಠ್ಯಪುಸ್ತಕದ ಮಾತಲ್ಲ. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಮಹಡಿಗಳ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡಕ್ಕೆ ಬೆಂಕಿ ಬಿತ್ತು. 22ನೇ ಮಹಡಿಯಲ್ಲಿ ಮರದ ಹೊದಿಕೆಗೆ ಪಾಲಿಷ್ ಮಾಡುತ್ತಿದ್ದವರು ಬಿಟ್ಟುಹೋಗಿದ್ದ, ಅಗಸೆ ಎಣ್ಣೆ ತಾಗಿದ ಬಟ್ಟೆಗಳೇ ಅದಕ್ಕೆ ಮೂಲ. ಅಗ್ನಿಶಾಮಕ ದಳದ ಮೂವರು ಪ್ರಾಣ ಕಳೆದುಕೊಂಡರು. ಮೇಲೇರಿದ ಬೆಂಕಿಯನ್ನು ಕೊನೆಗೆ ತಡೆದದ್ದು 30ನೇ ಮಹಡಿಯಲ್ಲಿದ್ದ, ತಾವಾಗಿಯೇ ನೀರು ಚಿಮ್ಮುವ ಸ್ಪ್ರಿಂಕ್ಲರ್‌ಗಳು.

ಮನೆಯ ಬಾಗಿಲು ಕಿಟಕಿಗಳಿಗೆ ಅಗಸೆ ಎಣ್ಣೆ ಅಥವಾ ಇಂಥ ಪಾಲಿಷ್ ಹಚ್ಚಿಸುವಾಗಲೂ ಈ ಎಚ್ಚರ ಬೇಕು. ಬಳಸಿದ ಬಟ್ಟೆಗಳನ್ನು ಬಿಡಿಸಿ, ಒಂದರ ಮೇಲೊಂದು ಬೀಳದಂತೆ ಹೊರಗೆ ಹರವಬೇಕು. ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಬೇಕು. ಕಸದ ಬುಟ್ಟಿಗೆ ತುರುಕಬಾರದು.

ಮಾಡಿ ನೋಡಿ: ಎರಡು ಗಾಜಿನ ತುಂಡುಗಳ ಪೈಕಿ ಒಂದಕ್ಕೆ ಅಗಸೆ ಎಣ್ಣೆಯನ್ನೂ ಇನ್ನೊಂದಕ್ಕೆ ಕೊಬ್ಬರಿ ಎಣ್ಣೆಯನ್ನೂ ತೆಳುವಾಗಿ ಸವರಿ, ಗಾಳಿ ಬೆಳಕು ಇರುವಲ್ಲಿ ಒಂದೆರಡು ವಾರ ಇಡಿ. ಕೊಬ್ಬರಿ ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಪೊರೆ ಕಟ್ಟುತ್ತದೆ.