ಪತ್ತೇದಾರಿ ಕಥೆಯೂ ಹೆಣ್ಣುಮಕ್ಕಳ ಓದೂ



ನಮ್ಮ ಶಾಲೆಯ ಪುಸ್ತಕಭಂಡಾರದಲ್ಲಿ ಪತ್ತೇದಾರಿ ಕಾದಂಬರಿಗಳಿಗೆ ಎಡೆಗೊಟ್ಟಿರುವುದು ಸರಿಯಲ್ಲವೆಂದು ಕೆಲವು ಪೋಷಕರು ನಮ್ಮಲ್ಲಿ ಆಕ್ಷೇಪಿಸಿರುವರು. ಕೊಲೆ, ಕಳವು, ಮೋಸಗಳ ಕಥೆಯಿಂದ ಹೆಣ್ಣುಮಕ್ಕಳ ಮನಸ್ಸು ಕೆಡುವುದೆಂಬುದು ಅವರ ಭಯ. ಆ ಭಯವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೂ ನಮ್ಮ ಅಭಿಪ್ರಾಯವು ಬೇರೆಯಾಗಿದೆ.

ಪೂರ್ವಕಾಲದಲ್ಲಿ ನಡೆಯುವ ರಹಸ್ಯಕಥೆಯು ಕೇವಲ ಪರದೇಶದ ಸರಕಲ್ಲ. ಇಂಗ್ಲೆಂಡಿನ ಎಲ್ಲಿಸ್ ಪೀಟರ್ಸ್ ಎಂಬ ಲೇಖಕಿಯು ಶ್ರೂಸ್‌ಬರಿ ಪಟ್ಟಣದ 12ನೆಯ ಶತಮಾನದ ಸಂನ್ಯಾಸಿಯೊಬ್ಬನನ್ನು ಪತ್ತೇದಾರನನ್ನಾಗಿ ಮಾಡಿ ಬರೆದ ಮೊದಲ ಕಾದಂಬರಿಯು ಪ್ರಕಟವಾದುದು 1977ರಲ್ಲಿ. ಅದಕ್ಕೆ ಒಂದೂವರೆ ಶತಮಾನದ ಹಿಂದೆಯೇ, 1823ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಕೆಂಪುನಾರಾಯಣನು ‘ಮುದ್ರಾಮಂಜೂಷ’ವನ್ನು ರಚಿಸಿದನು. ಹೊಸಗನ್ನಡ ಗದ್ಯಕಥನದ ಮೊದಲ ಹೆಜ್ಜೆಗಳಲ್ಲಿ ಒಂದೆನಿಸಿದ ಈ ಗ್ರಂಥಕ್ಕೆ ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದ ಕಥೆಯೇ ಆಧಾರ.

ನಾಟಕದ ಕಥೆಯ ಕೀಲು ಒಂದು ಉಂಗುರ. ನಂದರ ಮಂತ್ರಿಯಾದ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಸೇರುತ್ತದೆ. ಅವನು ಕಪಟಪತ್ರವೊಂದನ್ನು ಬರೆಯಿಸಿ ಅದಕ್ಕೆ ಆ ಮುದ್ರೆಯನ್ನು ಒತ್ತಿಸುತ್ತಾನೆ. ಮಲಯಕೇತುವು ಮುದ್ರೆಯನ್ನು ಕಂಡು ಪತ್ರವನ್ನು ನಂಬಿ, ತನ್ನ ಪಕ್ಷದಲ್ಲಿದ್ದ ರಾಕ್ಷಸನನ್ನೇ ದ್ರೋಹಿಯೆಂದು ದೂರಮಾಡಿ ತಾನೂ ಕೆಡುತ್ತಾನೆ. ಮುದ್ರೆ ನಿಜ, ಪತ್ರ ಸುಳ್ಳು!

ಈ ಪಾಠವನ್ನು ನಾವು ತಡವಾಗಿ ಕಲಿತೆವು. ತೆಂಗಿನ ತೋಟಗಳ ನಡುವಣ ಈ ಹಾಲ್ಕುರಿಕೆಯಲ್ಲಿ ಒಂದು ಮಾತು ಹುಟ್ಟಿದರೆ, ಕೊಬ್ಬರಿಯ ಗಾಡಿಗಿಂತ ಮೊದಲೇ ಅದು ತಿಪಟೂರಿನ ಮಾರುಕಟ್ಟೆಯನ್ನು ಸೇರುವುದು. ಕೆಲವು ವರ್ಷಗಳ ಕೆಳಗೆ, ಹತ್ತನೆಯ ತರಗತಿಯ ಬಾಲಿಕೆಯೊಬ್ಬಳ ಹೆಸರಿದ್ದ ಪ್ರೇಮಪತ್ರವನ್ನು ಯಾರೋ ನಮ್ಮ ಮೇಜಿನ ಮೇಲೆ ತಂದಿಟ್ಟರು. ಅವಳು ಅತ್ತು ಅಲ್ಲಗಳೆದಳು. ನಾವಾದರೋ, ಅವಳ ಪ್ರಬಂಧದ ಪುಸ್ತಕವನ್ನು ತರಿಸಿ ಅಕ್ಷರಗಳನ್ನು ಹೋಲಿಸಿ ನೋಡದೆ, ಅವಳ ತಂದೆಯವರನ್ನು ಕರೆಯಿಸಿದೆವು. ವಾರದೊಳಗೆ ಅವಳ ಓದು ನಿಂತಿತು. ಬೇಸಗೆಯ ರಜೆಯಲ್ಲಿ ಕಪಾಟನ್ನು ಒಪ್ಪಮಾಡುತ್ತಿದ್ದಾಗ ಆ ಪುಸ್ತಕವು ಕೈಗೆ ಸಿಕ್ಕಿತು. ಎರಡು ಬರಹಗಳಿಗೂ ಸಾಮ್ಯವೇ ಇರಲಿಲ್ಲ. ಅವರ ಮನೆಗೆ ಹೋಗಿ ತಪ್ಪನ್ನು ಒಪ್ಪಿಕೊಂಡೆವು. ಅವಳು ಮರಳಿ ಬಂದಳು. ಆದರೆ ಕಳೆದುಹೋದ ಒಂದು ವರ್ಷವನ್ನು ತಂದುಕೊಡುವ ಶಕ್ತಿ ನಮಗಿರಲಿಲ್ಲ.

ಒಳ್ಳೆಯ ರಹಸ್ಯಕಥೆಯು ಓದುವವರನ್ನು ಕಡೆಯ ಪುಟದವರೆಗೂ ತೀರ್ಪುಕೊಡದಂತೆ ತಡೆದಿಡುತ್ತದೆ. ಎಲ್ಲರೂ ಬೆರಳು ತೋರಿದವನು ಅಲ್ಲಿ ಎಷ್ಟೋ ವೇಳೆ ನಿರಪರಾಧಿಯಾಗಿರುವನು. ಚೀಟಿಯ ಸ್ಥಾನಕ್ಕೆ ಮೊಬೈಲಿನ ಸಂದೇಶವು ಬಂದಿರುವ ಈ ದಿನಗಳಲ್ಲಿ ಇಂತಹ ತಾಳ್ಮೆಯು ನಮ್ಮ ಬಾಲಿಕೆಯರಿಗೆ ಅಗತ್ಯ. ಅವರ ಹಿರಿಯರಾದ ನಮಗೆ ಇನ್ನೂ ಅಗತ್ಯ.

ಆದುದರಿಂದ ಆ ಕಪಾಟು ತೆರೆದೇ ಇರುವುದು. ಪೋಷಕ ಮಹಾಶಯರು ತಾವೂ ಒಂದು ಪುಸ್ತಕವನ್ನು ಕೊಂಡೊಯ್ದು ಓದಿನೋಡಿ, ಅನಂತರವೇ ತಮ್ಮ ತೀರ್ಪನ್ನು ತಿಳಿಸಬೇಕೆಂದು ವಿನಯಪೂರ್ವಕವಾಗಿ ಕೋರುತ್ತೇವೆ.