ನೇಮಕಾತಿ ಪತ್ರ ಕೇಳಬೇಕಾದದ್ದು ಹುಡುಗರನ್ನಲ್ಲ

ಗ್ರಾಮೀಣ ಪತ್ರಕರ್ತರಿಗೆ ಉಚಿತ ಬಸ್ ಪಾಸ್ ಕೊಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ 2024–25ರ ಬಜೆಟ್‌ನಲ್ಲಿ ಘೋಷಿಸಿದಾಗ ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹೊಸ ವರದಿಗಾರರು ಖುಷಿಪಟ್ಟಿದ್ದರು. ಆಮೇಲೆ ಷರತ್ತುಗಳು ಬಂದವು. ನೇಮಕಾತಿಯ ಕಾಗದ ಬೇಕು, ಸಂಬಳದ ದಾಖಲೆ ಬೇಕು. ಷರತ್ತು ಸಡಿಲಿಸಿ ಎಂದು ಪತ್ರಕರ್ತರ ಸಂಘಟನೆಗಳು ಮನವಿ ಕೊಟ್ಟವು. ಸಡಿಲಿಸಿದರೆ ಕೊರಳಿಗೆ ಕಾರ್ಡು ಹಾಕಿಕೊಂಡವರೆಲ್ಲ ಬಸ್ ಹತ್ತುತ್ತಾರೆ ಎಂದು ಇನ್ನು ಕೆಲವರು ವಾದಿಸಿದರು. ನನಗೆ ಈ ಎರಡೂ ವಾದ ಒಪ್ಪಿಗೆಯಿಲ್ಲ. ಕಾಗದ ಕೇಳಿದ್ದು ತಪ್ಪಲ್ಲ. ಆದರೆ ಅದನ್ನು ಕೊಡಬೇಕಾದವರನ್ನು ಬಿಟ್ಟು, ಅದು ಸಿಗದೆ ಒದ್ದಾಡುತ್ತಿರುವವರನ್ನು ಕೇಳಿದ್ದಾರೆ.

ತಾಲ್ಲೂಕು ವರದಿಗಾರ ಹೇಗೆ ನೇಮಕವಾಗುತ್ತಾನೆ ಎಂಬುದು ಓದುಗರಿಗೆ ಗೊತ್ತಿರಲಿ. ಜಿಲ್ಲಾ ಕಚೇರಿಯಿಂದ ಒಂದು ಫೋನ್ ಬರುತ್ತದೆ, ಆಮೇಲೆ ಒಂದು ಐಡಿ ಕಾರ್ಡು. ಬಹಳ ಕಡೆ ಅಷ್ಟೇ. ಕೆಲವರಿಗೆ ಸುದ್ದಿಗೆ ಇಷ್ಟು ಎಂದು ಹಣ, ಕೆಲವರಿಗೆ ಅದೂ ಇಲ್ಲ, ಜಾಹೀರಾತಿನ ಕಮಿಷನ್ ಮಾತ್ರ. ಪೆಟ್ರೋಲು, ಮೊಬೈಲ್ ಕರೆನ್ಸಿ ಅವನದೇ. ಶಾಸಕರ ಹುಟ್ಟುಹಬ್ಬಕ್ಕೆ, ದೀಪಾವಳಿಗೆ ಪುರವಣಿ ಬಂದರೆ ಅರ್ಧ ಪುಟವೋ ಕಾಲು ಪುಟವೋ ತುಂಬಿಸಿಕೊಡಬೇಕು. ಜಾಹೀರಾತು ಕೊಟ್ಟವರು ಬಿಲ್ ಕಟ್ಟದಿದ್ದರೆ ವಸೂಲಿಗೂ ಅವನೇ ಅಲೆಯಬೇಕು. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಬೆಳಿಗ್ಗೆ ಯಾರ ವಿರುದ್ಧ ಸುದ್ದಿ ಬರೆಯಬೇಕೋ ಸಂಜೆ ಅವರ ಬಾಗಿಲಲ್ಲೇ ಜಾಹೀರಾತಿಗೆ ಕೈಯೊಡ್ಡಿ ನಿಲ್ಲುವ ವ್ಯವಸ್ಥೆಯಿದು.

ನನಗೂ ಅದರ ಅನುಭವವಿದೆ. ನಾನು ಈ ಕೆಲಸಕ್ಕೆ ಬಂದಾಗ ಸುದ್ದಿಯನ್ನು ಕವರಿಗೆ ಹಾಕಿ, ಬೆಳಗಾವಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದೆವು. ಒಂದು ಕಾರ್ಖಾನೆಯ ಕಾಟಾದಲ್ಲಿ ಕಬ್ಬಿನ ತೂಕ ಕಡಿಮೆ ಬರುತ್ತಿದೆ ಎಂದು ರೈತರು ದೂರಿದ್ದನ್ನು ನಾಲ್ಕು ದಿನ ಓಡಾಡಿ ಬರೆದೆ. ಮುಖ್ಯಸ್ಥರು ಮೆಚ್ಚಿದರು. ಮರುದಿನ ಜಾಹೀರಾತು ವಿಭಾಗದಿಂದ ಫೋನ್ ಬಂತು: ಅದೇ ಕಾರ್ಖಾನೆಯ ವಾರ್ಷಿಕ ಸಭೆಯ ಜಾಹೀರಾತು ಏನಾಯಿತು? ಸುದ್ದಿ ಅಚ್ಚಾಗಲಿಲ್ಲ. ಆ ರೈತರ ಮುಖ ನೋಡಲು ನನಗೆ ವರ್ಷಗಟ್ಟಲೆ ಆಗಲಿಲ್ಲ.

ನಮ್ಮ ಕಡೆ ಕಬ್ಬೇ ರಾಜಕಾರಣ, ಕಬ್ಬೇ ಸಂಸಾರ. ಅದನ್ನು ಓದಬಲ್ಲ ವರದಿಗಾರ ಎಷ್ಟು ಮುಖ್ಯ ಎಂಬುದು 2025ರ ನವೆಂಬರ್‌ನಲ್ಲಿ ಗೊತ್ತಾಯಿತು. ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಕೇಳಿ ಕುಳಿತಾಗ ದೂರದವರು ಕೇಳಿದ್ದೇನು? ಕೇಂದ್ರ ಸರ್ಕಾರ ನಿಗದಿ ಮಾಡಿದ ಕಬ್ಬಿನ ದರವೇ (ಎಫ್‌ಆರ್‌ಪಿ) ಟನ್ನಿಗೆ 3,550 ಇರುವಾಗ ಇವರು ಅದಕ್ಕಿಂತ ಕಡಿಮೆ ದರಕ್ಕೆ ಯಾಕೆ ಗಲಾಟೆ ಮಾಡುತ್ತಿದ್ದಾರೆ? ಈ ಪ್ರಶ್ನೆಗೆ ಉತ್ತರ ಗೊತ್ತಿದ್ದದ್ದು ಹೊಲದ ಬದುವಿನಲ್ಲಿ ನಿಂತವರಿಗೆ. ಆ 3,550 ಶೇ 10.25 ಸಕ್ಕರೆ ಇಳುವರಿಯ ಕಬ್ಬಿಗೆ. ಇಳುವರಿ ಎಷ್ಟು ಎಂದು ಲೆಕ್ಕ ಹಾಕುವುದು ಕಾರ್ಖಾನೆ. ಕಟಾವು, ಸಾಗಾಟದ ಖರ್ಚನ್ನು ಅದರಲ್ಲೇ ಮುರಿದುಕೊಳ್ಳುತ್ತಾರೆ. ರೈತರು ಕೇಳಿದ್ದು ಅದೆಲ್ಲ ಹೋಗಿ ಕೈಗೆ ಬರುವ ಹಣವನ್ನು. ಕೊನೆಗೆ ಸರ್ಕಾರ 3,300ಕ್ಕೆ ತಂದು ನಿಲ್ಲಿಸಿತು. ಈ ಲೆಕ್ಕವನ್ನು ಮೊದಲ ದಿನವೇ ಬಿಡಿಸಿ ಬರೆಯಬಲ್ಲ ಹುಡುಗರು ಇಲ್ಲಿದ್ದಾರೆ. ಆದರೆ ಲೆಕ್ಕದ ಕಾಗದ ಓದುವುದನ್ನು, ಮಾಹಿತಿ ಹಕ್ಕಿನ ಅರ್ಜಿ ಹಾಕುವುದನ್ನು, ವಕೀಲರ ನೋಟಿಸ್ ಬಂದರೆ ಹೆದರದಿರುವುದನ್ನು ಅವರಿಗೆ ಕಲಿಸಿದವರು ಯಾರು?

ಹೊಳೆ ಬಂದಾಗಲೂ ಹೀಗೆಯೇ. ಕೊಯ್ನಾದಿಂದ ಎಷ್ಟು ನೀರು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಕೃಷ್ಣೆಗೆ ಎಷ್ಟು ಕ್ಯೂಸೆಕ್ ಬರುತ್ತಿದೆ, ಕಲ್ಲೋಳ–ಯಡೂರ ಸೇತುವೆ ಮುಳುಗಿತೇ ಎಂದು 2019ರ ಆಗಸ್ಟ್‌ನಲ್ಲಿ ಜನ ಕಾದದ್ದು ಈ ಹುಡುಗರ ಮೊಬೈಲ್ ಸಂದೇಶಕ್ಕೆ. ನಮ್ಮ ಕಡೆಯ ಕಸುಬಿನ ಸುದ್ದಿಗೂ ಅವರೇ ಬೇಕು. 2025ರ ಜೂನ್‌ನಲ್ಲಿ ಮಿಲಾನ್‌ನ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಕೊಲ್ಹಾಪುರಿಯಂಥ ಚಪ್ಪಲಿ ತೋರಿಸಿದಾಗ ದೇಶವೆಲ್ಲ ಕೊಲ್ಹಾಪುರದ ಮಾತಾಡಿತು. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಕ (ಜಿಐ) ಹಕ್ಕಿನಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಪಾಲಿದೆ; ಅಥಣಿಯಲ್ಲಿ, ಮದಭಾವಿಯಲ್ಲಿ ಅದನ್ನು ಹೊಲಿಯುವ ಮನೆಗಳಿವೆ. ಅವರ ಕೂಲಿಯ ಲೆಕ್ಕ ಕೇಳಲು ಒಂದು ವಾರ ಬಿಡುವು ಕೊಟ್ಟು ವರದಿಗಾರನನ್ನು ಕಳಿಸಿದ ಪತ್ರಿಕೆಗಳೆಷ್ಟು?

‘ನಕಲಿ ಪತ್ರಕರ್ತರ ಹಾವಳಿ’ ಎಂಬ ಮಾತಿಗೆ ಬರೋಣ. ಹಾವಳಿ ಇದೆ, ಅಲ್ಲಗಳೆಯುವುದಿಲ್ಲ. ಗುತ್ತಿಗೆದಾರರನ್ನು, ಗ್ರಾಮ ಪಂಚಾಯಿತಿಯವರನ್ನು ಹೆದರಿಸಿ ಹಣ ಕೀಳುವವರಿದ್ದಾರೆ, ಅವರ ಮೇಲೆ ಕೇಸು ಹಾಕಲಿ. ಆದರೆ ಸಂಬಳವಿಲ್ಲದೆ ಕಾರ್ಡು ಕೊಟ್ಟು ‘ನೀನೇ ದುಡಿದುಕೋ’ ಎಂದವರು ಯಾರೋ ಅವರಿಂದಲೇ ಈ ಹಾವಳಿ ಶುರುವಾದದ್ದು. ಅವರ ಹೆಸರು ಯಾವ ಚರ್ಚೆಯಲ್ಲೂ ಬರುವುದಿಲ್ಲ.

ಪತ್ರಿಕೆಗಳಿಗೂ ಕಷ್ಟವಿದೆ ಎನ್ನುತ್ತಾರೆ. ಸಣ್ಣ ಪತ್ರಿಕೆಗಳ ಮಟ್ಟಿಗೆ ಇದು ನಿಜ. ಹಾಗಾದರೆ ಸಾರ್ವಜನಿಕರ ಹಣ ಆ ಕಡೆ ಹರಿಯಲಿ. ಬ್ರಿಟನ್ನಿನಲ್ಲಿ 2018ರಿಂದ ಸುಮಾರು 150 ಸ್ಥಳೀಯ ವರದಿಗಾರರ ಸಂಬಳದ ಹಣವನ್ನು ಬಿಬಿಸಿ ಕೊಡುತ್ತಿದೆ. ಅವರು ಊರಿನ ಪತ್ರಿಕೆಗಳಲ್ಲೇ ನೌಕರರು, ಕೌನ್ಸಿಲ್ ಸಭೆಗಳಲ್ಲಿ ಕುಳಿತು ಬರೆಯುವುದೇ ಅವರ ಕೆಲಸ. ನಮ್ಮಲ್ಲಿ ಮಾಧ್ಯಮ ಅಕಾಡೆಮಿ ಇದೆ, ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರ ಇದೆ. ಗಡಿಯಲ್ಲಿ ಕನ್ನಡ ಉಳಿಸುವ ಭಾಷಣಕ್ಕೆ ಖರ್ಚಾಗುವುದರಲ್ಲಿ ಒಂದು ಪಾಲು ತೆಗೆದಿಟ್ಟರೆ, ಮರಾಠಿಯನ್ನೂ ಕನ್ನಡವನ್ನೂ ಸಲೀಸಾಗಿ ಆಡುವ ನಿಪ್ಪಾಣಿಯ ಹುಡುಗರಿಗೆ ಎರಡು ವರ್ಷ ಸಂಬಳ ಕೊಟ್ಟು ಕಲಿಸಬಹುದು. ದೊಡ್ಡ ಪತ್ರಿಕೆಗಳ, ಚಾನೆಲ್‌ಗಳ ವಿಷಯ ಬೇರೆ. ವಾರ್ತಾ ಇಲಾಖೆ ಅವರಿಗೆ ಜಾಹೀರಾತು ಕೊಡುವ ಮೊದಲು ತಾಲ್ಲೂಕು ವರದಿಗಾರರ ಪಟ್ಟಿ, ನೇಮಕಾತಿ ಪತ್ರ, ಬ್ಯಾಂಕಿಗೆ ಸಂಬಳ ಹಾಕಿದ ದಾಖಲೆ ಕೇಳಲಿ. ಬಸ್ ಪಾಸಿಗೆ ಕೇಳಿದ ಅದೇ ಕಾಗದಗಳು!

1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಲೀನವಾಯಿತು. ಟಿವಿ, ಡಿಜಿಟಲ್ ಮಾಧ್ಯಮದವರೂ ಈಗ ಪತ್ರಕರ್ತರ ವ್ಯಾಖ್ಯೆಯೊಳಗಿದ್ದಾರೆ. ಆದರೆ ಕಾಗದವೇ ಇಲ್ಲದವನಿಗೆ ಯಾವ ಕಾಯ್ದೆ ಆಸರೆಯಾದೀತು? ಛತ್ತೀಸಗಡದ ಬಿಜಾಪುರದಲ್ಲಿ ಮುಕೇಶ್ ಚಂದ್ರಾಕರ್ ಎಂಬ ಯುವ ಪತ್ರಕರ್ತನ ಶವ 2025ರ ಜನವರಿಯಲ್ಲಿ ಸೆಪ್ಟಿಕ್ ಟ್ಯಾಂಕಿನಲ್ಲಿ ಸಿಕ್ಕಿತು; ರಸ್ತೆ ಕಾಮಗಾರಿಯ ಅವ್ಯವಹಾರ ಬಯಲಿಗೆ ತಂದಿದ್ದ. ನಮ್ಮ ಹುಡುಗರೂ ರಸ್ತೆ ಕಾಮಗಾರಿಯ ಬಗ್ಗೆ, ಮರಳಿನ ಬಗ್ಗೆ ಬರೆಯುತ್ತಾರೆ, ರಾತ್ರಿ ಒಬ್ಬರೇ ಬೈಕಿನಲ್ಲಿ ಮನೆಗೆ ಹೋಗುತ್ತಾರೆ.

ಇನ್ನು ಹುಡುಗಿಯರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಹೇಗೂ ಉಚಿತ. ಆದರೂ ನಿಪ್ಪಾಣಿಯ ತಂಬಾಕು, ಬೀಡಿ ಕೆಲಸದ ಹೆಂಗಸರ ಕಷ್ಟ ಬರೆಯಲು ಅವರ ಬಳಿಗೆ ಹೋಗುವ ವರದಿಗಾರ್ತಿ ಕಾಣುವುದಿಲ್ಲ. ಟಿಕೆಟ್ ಉಳಿದರೆ ಸಾಲದು, ಮನೆಯಲ್ಲಿ ತೋರಿಸಲು ಸಂಬಳ ಬೇಕು.

ಜುಲೈ 1ಕ್ಕೆ, 1843ರ ‘ಮಂಗಳೂರ ಸಮಾಚಾರ’ದ ನೆನಪಿನಲ್ಲಿ, ಪ್ರತಿ ತಾಲ್ಲೂಕಿನಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಸಂಪಾದಕರು ಬರುತ್ತಾರೆ, ಹಿರಿಯರಿಗೆ ಸನ್ಮಾನವಾಗುತ್ತದೆ. ಈ ಸಲ ಚಿಕ್ಕೋಡಿಯಲ್ಲೋ ಕಾಗವಾಡದಲ್ಲೋ ಹಿಂದಿನ ಸಾಲಿನಲ್ಲಿ ಕುಳಿತ ಹೊಸ ಹುಡುಗನೊಬ್ಬ ಎದ್ದು ನಿಂತು, ‘ಸರ, ನನ್ನ ನೇಮಕಾತಿ ಪತ್ರ ಯಾವಾಗ ಕೊಡ್ತೀರಿ?’ ಎಂದು ಕೇಳಲಿ. ಅವನ ಪಕ್ಕದಲ್ಲಿ ನಿಲ್ಲಲು ನಾನು ಬರುತ್ತೇನೆ.